ಶಂಕುವಿನ ನೆರಳಿನಿಂದ ಉತ್ತರಾಯಣದ ಗಳಿಗೆಯನ್ನು ಹಿಡಿದ ಬಗೆ

ಪಂಚಾಂಗವನ್ನಾಗಲಿ ಮೊಬೈಲಿನ ಆ್ಯಪನ್ನಾಗಲಿ ನೋಡದೆ, ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ ಒಂದು ಶಂಕುವಿನಿಂದಲೇ, ಅಂದರೆ ನೆರಳು ಅಳೆಯುವ ಕೋಲಿನಿಂದಲೇ, ಉತ್ತರಾಯಣದ ಆರಂಭವನ್ನು ಕಂಡುಹಿಡಿಯಬಹುದೇ ಎಂದು ನೋಡಲು ನಾನು ಈ ಕೆಲಸಕ್ಕೆ ಕೈಹಾಕಿದೆ. ಅದು ಸಾಧ್ಯವಿದೆ, ಕೆಲವು ಗಂಟೆಗಳ ನಿಖರತೆಯೊಂದಿಗೇ ಸಾಧ್ಯವಿದೆ. ಆದರೆ ಸೂರ್ಯ ಉತ್ತರಕ್ಕೆ ತಿರುಗುವ ದಿನದಂದೇ ನೆರಳನ್ನು ಅಳೆದು ಆ ಗಳಿಗೆಯನ್ನು ಹಿಡಿಯುತ್ತೇನೆಂದರೆ ಆಗದು. ಅದಕ್ಕೆ ತಿಂಗಳ ಹಿಂದಿನ ಮತ್ತು ತಿಂಗಳ ಮುಂದಿನ ನೆರಳುಗಳೇ ಬೇಕು.

ಕಾರಣ ಸೂರ್ಯನ ನಡಿಗೆಯಲ್ಲಿದೆ. ಭೂಮಿಯ ಅಕ್ಷವು ಸುಮಾರು 23.44 ಡಿಗ್ರಿ ವಾಲಿರುವುದರಿಂದ ಸೂರ್ಯನು ವರ್ಷದಲ್ಲೊಮ್ಮೆ ಆಕಾಶದ ವಿಷುವದ್ವೃತ್ತದಿಂದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ವೃತ್ತದಿಂದ) ಅಷ್ಟು ಉತ್ತರಕ್ಕೂ ಇನ್ನೊಮ್ಮೆ ಅಷ್ಟೇ ದಕ್ಷಿಣಕ್ಕೂ ಸರಿಯುತ್ತಾನೆ. ಈ ದೂರಕ್ಕೆ ಕ್ರಾಂತಿ ಎಂದು ಹೆಸರು. ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವದ (ಹಗಲು ರಾತ್ರಿ ಸಮನಾಗುವ ದಿನದ) ಸುಮಾರಿಗೆ ಕ್ರಾಂತಿಯು ದಿನಕ್ಕೆ ಸುಮಾರು 24 ಕಲೆಗಳಷ್ಟು, ಅಂದರೆ ಡಿಗ್ರಿಯ ಐದರಲ್ಲಿ ಎರಡು ಪಾಲು ಬದಲಾಗುತ್ತದೆ. ಉತ್ತರಾಯಣ ಆರಂಭವಾಗುವ ಡಿಸೆಂಬರ್ 21-22ರ ಸುಮಾರಿಗಾದರೋ ಸೂರ್ಯನು ತುದಿ ಮುಟ್ಟಿದ ಉಯ್ಯಾಲೆಯಂತೆ ನಿಂತೇಬಿಟ್ಟಂತೆ ತೋರುತ್ತಾನೆ: ಆ ಗಳಿಗೆಯಿಂದ ಒಂದು ದಿನ ಆಚೀಚೆಗೆ ಕ್ರಾಂತಿಯ ವ್ಯತ್ಯಾಸ 14 ವಿಕಲೆಯಷ್ಟೇ (ಡಿಗ್ರಿಯ 3600ನೇ ಒಂದು ಭಾಗವೇ ವಿಕಲೆ). ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಒಂದು ಮೀಟರ್ ಎತ್ತರದ ಶಂಕುವಿನ ಮಧ್ಯಾಹ್ನದ ನೆರಳು ಇದರಿಂದ ಬದಲಾಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದನ್ನು ಬರಿಗಣ್ಣು ಗುರುತಿಸಲಾರದು. ಅದೇ ಶಂಕುವಿನ ನೆರಳು ಉತ್ತರಾಯಣಕ್ಕೆ ಒಂದು ತಿಂಗಳ ಮೊದಲು ಅಥವಾ ಅನಂತರ ದಿನವೊಂದಕ್ಕೆ ಐದು ಮಿಲಿಮೀಟರಿಗೂ ಮಿಕ್ಕಿ ಬದಲಾಗುತ್ತದೆ.

ಸಲಕರಣೆಯ ವಿಷಯದಲ್ಲಿ ನಾನು ಹೆಚ್ಚು ಸಮಯ ಕೊಟ್ಟದ್ದು ಎರಡು ಸಂಗತಿಗಳಿಗೆ. ಮೊದಲನೆಯದು ನೆರಳು ಬೀಳುವ ಹಲಗೆಯನ್ನು ರಸಮಟ್ಟ ಹಿಡಿದು ಎಲ್ಲ ದಿಕ್ಕಿಗೂ ಸಮ ಮಾಡುವುದು ಮತ್ತು ಶಂಕುವಿನ ನೆಟ್ಟಗಿನ ನಿಲುವನ್ನು ತೂಗುಗುಂಡಿನಿಂದ ಪರೀಕ್ಷಿಸುವುದು. ಎರಡನೆಯದು ಶಂಕುವಿನ ತುದಿ. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಅಗಲದ ಬಿಂಬ. ಆದುದರಿಂದ ತುದಿಯಿಂದ ಒಂದು ಮೀಟರ್ ದೂರದಲ್ಲಿ ನೆರಳಿನ ಅಂಚು ಒಂಬತ್ತು ಮಿಲಿಮೀಟರಿನಷ್ಟು ಮಸುಕಾಗಿಬಿಡುತ್ತದೆ, ನೆರಳು ಎಲ್ಲಿ ಮುಗಿಯಿತೆಂದು ಹೇಳುವುದೇ ಕಷ್ಟವಾಗುತ್ತದೆ. ನಾನು ಚೂಪು ತುದಿಯನ್ನು ಬಿಟ್ಟು, ಎರಡು ಮಿಲಿಮೀಟರ್ ರಂಧ್ರವಿರುವ ತೆಳುವಾದ ತಗಡನ್ನು ಶಂಕುವಿನ ತಲೆಗೆ ಅಡ್ಡಲಾಗಿ ಕೂರಿಸಿದೆ. ಆಗ ಹಲಗೆಯ ಮೇಲೆ ಸೂರ್ಯನ ಪುಟ್ಟ ಬಿಂಬ ಮೂಡುತ್ತದೆ. ಅದರ ಎರಡು ಅಂಚುಗಳನ್ನು ಗುರುತಿಸಿ ನಡುವನ್ನು ತೆಗೆದರೆ ಒಂದು ಮಿಲಿಮೀಟರಿನ ನಿಖರತೆ ಸಿಗುತ್ತದೆ. ಇದು ಹೊಸ ಉಪಾಯವೇನಲ್ಲ. 13ನೇ ಶತಮಾನದಲ್ಲಿ ಚೀನಾದ ಖಗೋಳಜ್ಞ ಗುವೋ ಶೌಜಿಂಗ್ 40 ಅಡಿಯ ಬೃಹತ್ ಶಂಕುವಿನ ನೆರಳನ್ನು ಅಳೆಯಲು ರಂಧ್ರವಿದ್ದ ತಗಡನ್ನೇ ಬಳಸಿದ್ದನು. ಪಾರ್ಶ್ವ ಸೂರ್ಯಗ್ರಹಣದ ಸಮಯದಲ್ಲಿ ಇದೇ ಬಿಂಬದಲ್ಲಿ ಚಂದ್ರನು ಕೊರೆದ ಭಾಗವೂ ಕಾಣಿಸುತ್ತದೆ, ಆದುದರಿಂದ ಗ್ರಹಣ ನೋಡುವುದಕ್ಕೂ ಇಷ್ಟು ಸಲಕರಣೆ ಸಾಕು.

ಇನ್ನು ಉತ್ತರ-ದಕ್ಷಿಣ ರೇಖೆ. ದಿಕ್ಸೂಚಿಯ ಮುಳ್ಳು ತೋರಿಸುವುದು ಭೂಕಾಂತದ ಉತ್ತರವನ್ನು, ಆದುದರಿಂದ ಅದನ್ನು ದೂರವಿಟ್ಟೆ. ಯಜ್ಞವೇದಿಗಳ ಅಳತೆಯನ್ನು ಹೇಳುವ ಪ್ರಾಚೀನ ಗ್ರಂಥವಾದ ಕಾತ್ಯಾಯನ ಶುಲ್ಬಸೂತ್ರದಲ್ಲಿ ಹೇಳಿರುವಂತೆ ಶಂಕುವಿನ ಬುಡವನ್ನು ಕೇಂದ್ರವಾಗಿಟ್ಟುಕೊಂಡು ವೃತ್ತವೊಂದನ್ನು ಎಳೆದು, ಬೆಳಿಗ್ಗೆ ನೆರಳು ವೃತ್ತದೊಳಕ್ಕೆ ಬರುವ ಜಾಗವನ್ನೂ ಮಧ್ಯಾಹ್ನದ ಮೇಲೆ ಹೊರಕ್ಕೆ ಹೋಗುವ ಜಾಗವನ್ನೂ ಗುರುತಿಸಿ ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆಯೂ, ಅದಕ್ಕೆ ಲಂಬವಾಗಿ ಮಧ್ಯಾಹ್ನರೇಖೆಯೂ ದೊರೆಯುತ್ತವೆ. ಬೆಳಗಿನಿಂದ ಸಂಜೆಯೊಳಗೆ ಕ್ರಾಂತಿ ಬದಲಾಗುವುದರಿಂದ ಈ ವಿಧಾನದಲ್ಲಿ ಸಣ್ಣ ದೋಷವಿದೆ. ನಂತರದ ಸಿದ್ಧಾಂತಕಾರರು, ಅಂದರೆ ಖಗೋಳ ಗ್ರಂಥಗಳನ್ನು ಬರೆದವರು, ಅದಕ್ಕೆ ತಿದ್ದುಪಡಿಯನ್ನೂ ಕೊಟ್ಟಿದ್ದಾರೆ. ಡಿಸೆಂಬರ್ 21-22ರ ಸುಮಾರಿಗೆ ಮಾಡಿದರೆ ಈ ತೊಡಕು ಇಲ್ಲವೆನ್ನುವಷ್ಟು ಕಡಿಮೆ, ಆದುದರಿಂದ ಆ ರೇಖೆಯನ್ನು ಹಿಂದಿನ ವರ್ಷದ ಡಿಸೆಂಬರ್‌ನಲ್ಲಿಯೇ ಎಳೆದಿಟ್ಟುಕೊಂಡೆ. ನಿಜವಾದ ಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕೇ ಬರುವುದಿಲ್ಲವಾದರೂ ಅದರ ಚಿಂತೆ ಬೇಕಿಲ್ಲ: ಬಿಂಬವು ರೇಖೆಯನ್ನು ದಾಟುವ ಕ್ಷಣವೇ ಮಧ್ಯಾಹ್ನ.

ಅಳತೆ ಹೀಗೆ ನಡೆಯಿತು. ನವೆಂಬರ್ ಮೂರನೇ ವಾರದಲ್ಲಿ ಶುಭ್ರ ಆಕಾಶದ ಒಂದು ದಿನ ಬಿಂಬದ ಸ್ಥಾನವನ್ನು ರೇಖೆಯ ಮೇಲೆ ಗುರುತು ಮಾಡಿದೆ. ಬಿಂಬ ಆ ಗುರುತನ್ನು ಬಿಟ್ಟು ಹೊರಕ್ಕೆ ಹೋಗಿ, ಡಿಸೆಂಬರ್ ಉದ್ದಕ್ಕೂ ಸುತ್ತಾಡಿ, ಜನವರಿಯಲ್ಲಿ ಮರಳಿತು. ಆದರೆ ಮರಳುವಾಗ ಅದು ಸರಿಯಾಗಿ ಗುರುತಿನ ಮೇಲೆಯೇ ಬರುವುದು ಅಪರೂಪ. ಒಂದು ಮಧ್ಯಾಹ್ನ ಗುರುತಿನಿಂದ ತುಸು ಹೊರಗಿದ್ದರೆ ಮರುದಿನ ತುಸು ಒಳಗಿರುತ್ತದೆ. ಆ ಎರಡು ಅಳತೆಗಳನ್ನಿಟ್ಟುಕೊಂಡು ತ್ರೈರಾಶಿಯಿಂದ ದಿನದ ಯಾವ ಭಾಗದಲ್ಲಿ ಬಿಂಬವು ಗುರುತಿಗೆ ಸಮವಾಗುತ್ತಿತ್ತೆಂದು ಲೆಕ್ಕ ಹಾಕಿ, ನವೆಂಬರ್‌ನ ಮಧ್ಯಾಹ್ನದಿಂದ ಅಲ್ಲಿಯವರೆಗಿನ ಅವಧಿಯನ್ನು ಅರ್ಧ ಮಾಡಿದರೆ ಉತ್ತರಾಯಣದ ಗಳಿಗೆ ಸಿಗುತ್ತದೆ. ಐದನೇ ಶತಮಾನದಲ್ಲಿ ಚೀನಾದ ಗಣಿತಜ್ಞ ಜು ಚೋಂಗ್‌ಜ಼ಿ ಮಾಡಿದ್ದೂ ಇದನ್ನೇ: ಮುಂಚಿನ ಒಂದು ನೆರಳು, ಅನಂತರದ ಎರಡು ಬೆನ್ನುಬೆನ್ನಿನ ನೆರಳುಗಳು.

ಭೂಮಿಯ ಕಕ್ಷೆ ದೀರ್ಘವೃತ್ತವಾದುದರಿಂದ ಇಲ್ಲೊಂದು ಸೂಕ್ಷ್ಮವಿದೆ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತ್ಯಂತ ಸಮೀಪವಾಗಿ ವೇಗವಾಗಿ ಚಲಿಸುವುದರಿಂದ ಹೋಗುವ ತಿಂಗಳಿಗಿಂತ ಮರಳುವ ತಿಂಗಳು ಚೂರು ಬೇಗ ಮುಗಿಯುತ್ತದೆ, ಲೆಕ್ಕದ ನಡುಬಿಂದು ನಿಜವಾದ ಗಳಿಗೆಗಿಂತ ಒಂದು ಗಂಟೆಗೂ ತುಸು ಹೆಚ್ಚು ಮುಂಚೆ ಬೀಳುತ್ತದೆ. ಒಂದು ಮಿಲಿಮೀಟರಿನ ಅಳತೆಯ ತಪ್ಪೇ ಎರಡು ಮೂರು ಗಂಟೆಗಳಿಗೆ ಸಮವಾಗಿರುವಾಗ ನನ್ನ ಶಂಕುವಿಗೆ ಇದು ದೊಡ್ಡ ವಿಷಯವಲ್ಲವಾದರೂ, ಎತ್ತರದ ಶಂಕು ಬಳಸುವವರು ಇದನ್ನು ಬಿಡಬಾರದು.

ಗಳಿಗೆಯನ್ನು ಮರೆಮಾಡುವ ಆ ನಿಂತ ಸೂರ್ಯನೇ ಇನ್ನೊಂದು ಕೆಲಸಕ್ಕೆ ಅನುಕೂಲ. ಡಿಸೆಂಬರ್ ಮತ್ತು ಜೂನ್‌ನ ತುದಿಗಳಲ್ಲಿ ಎರಡು ಮೂರು ದಿನ ಹಿಂದುಮುಂದಾದರೂ ಅಳತೆ ಒಂದು ಮಿಲಿಮೀಟರಿನಷ್ಟೂ ಕೆಡುವುದಿಲ್ಲ, ಮೋಡ ಸರಿಯುವವರೆಗೆ ಕಾಯಬಹುದು. ಡಿಸೆಂಬರ್‌ನಲ್ಲಿ ಸೂರ್ಯನು ನೆತ್ತಿಯಿಂದ 36.4 ಡಿಗ್ರಿ ದಕ್ಷಿಣಕ್ಕಿದ್ದು ಜೂನ್‌ನಲ್ಲಿ 10.4 ಡಿಗ್ರಿ ಉತ್ತರಕ್ಕಿದ್ದರೆ, ಇವೆರಡರ ಮೊತ್ತದ ಅರ್ಧ 23.4, ಅದು ಭೂಮಿಯ ಅಕ್ಷದ ವಾಲುವಿಕೆ. ವ್ಯತ್ಯಾಸದ ಅರ್ಧ 13, ಅದು ನಿಂತ ಜಾಗದ ಅಕ್ಷಾಂಶ. ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಫಲಿತಾಂಶ ಇದು.

ಉತ್ತರಾಯಣ ಡಿಸೆಂಬರ್‌ನಲ್ಲಿಯೇ ಆರಂಭವಾದರೆ ಮಕರ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಏಕೆ ಎಂದು ಹಲಗೆಯನ್ನು ನೋಡಿದವರೆಲ್ಲರೂ ಕೇಳಿದರು. ಸಂಕ್ರಾಂತಿಯನ್ನು ಎಣಿಸುವುದು ನಿರಯಣ ಪದ್ಧತಿಯಲ್ಲಿ, ಅಂದರೆ ನಕ್ಷತ್ರಗಳಿಗೆ ಕಟ್ಟಿದ ರಾಶಿಗಳಿಂದ. ಋತುಗಳು ನಡೆಯುವುದು ವಿಷುವ ಬಿಂದುವಿನಿಂದ, ಅಂದರೆ ಮಾರ್ಚ್ ವಿಷುವದಂದು ಸೂರ್ಯನಿರುವ ಬಿಂದುವಿನಿಂದ. ಭೂಮಿಯ ಅಕ್ಷವು ನಿಧಾನವಾಗಿ ಸುತ್ತು ಹಾಕುವುದರಿಂದ ವಿಷುವ ಬಿಂದುವು ವರ್ಷಕ್ಕೆ ಸುಮಾರು 50 ವಿಕಲೆ, ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಹಿಂದಕ್ಕೆ ಸರಿಯುತ್ತದೆ, ಹಾಗಾಗಿ ನಾಕ್ಷತ್ರಿಕ ವರ್ಷವು ಋತುವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಈ ಅಂತರವೇ ಕೂಡುತ್ತ ಬಂದು ಇಂದು 24 ಡಿಗ್ರಿಯ ಅಯನಾಂಶವಾಗಿದೆ. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗವು ತಿಂಗಳುಗಳನ್ನು ಋತುವಿಗೆ ಕಟ್ಟಿತು. ಅದರಲ್ಲಿ ಪುಷ್ಯ ಮಾಸ ಡಿಸೆಂಬರ್ 22ಕ್ಕೇ ಆರಂಭವಾಗುತ್ತದೆ. ಸಂಕ್ರಾಂತಿಯ ಮಧ್ಯಾಹ್ನ ನನ್ನ ಹಲಗೆಯಲ್ಲಿ ಬಿಂಬವು ಉತ್ತರಾಯಣದ ಗುರುತಿನಿಂದ ಐದು ಸೆಂಟಿಮೀಟರಿಗೂ ಮಿಕ್ಕಿ ಒಳಕ್ಕೆ ಬಂದಿತ್ತು. ಕೇಳಿದವರಿಗೆ ನಾನು ಆ ಎರಡು ಗುರುತುಗಳ ನಡುವೆ ಅಳತೆಪಟ್ಟಿಯನ್ನಿಟ್ಟು ತೋರಿಸಿದೆ.