ಮನೆಯ ಓವನ್‌ನಲ್ಲೇ ಲಖನೌ ಶೀರ್ಮಾಲ್: ನೀರು ಬೇಡ, ಹಾಲು ಸಾಕು

ನಾನ್ ಮೇಲೆ ಒಂದಿಷ್ಟು ಕೇಸರಿ ಹಾಲು ಸವರಿದರೆ ಲಖನೌದ ಸಿಹಿ ರೊಟ್ಟಿ ಶೀರ್ಮಾಲ್ ಆಯಿತು ಅಂದುಕೊಂಡವರು ಬಹಳ ಜನ ಇದ್ದಾರೆ. ಆಗುವುದಿಲ್ಲ. ನಾನ್ ಎಳೆದಷ್ಟೂ ಹಿಗ್ಗುತ್ತದೆ, ಚೆನ್ನಾಗಿ ಜಗಿಯಬೇಕು. ಶೀರ್ಮಾಲ್ ಎರಡು ಬೆರಳಲ್ಲಿ ಹಿಡಿದರೆ ಸುಮ್ನೆ ಮುರಿಯಬೇಕು, ಬಾಯಲ್ಲಿ ತುಪ್ಪ, ಹಾಲು, ಸ್ವಲ್ಪ ಸಿಹಿ, ಕೊನೆಗೆ ಕೇಸರಿಯ ಘಮ ಒಂದಾದ ಮೇಲೊಂದು ಬರಬೇಕು. ಇಷ್ಟಕ್ಕೆಲ್ಲ ಕಾರಣ ತಂದೂರ್ ಅಲ್ಲ, ಹಿಟ್ಟು ಕಲಸುವ ರೀತಿ. ಹಾಗಾಗಿ ತಂದೂರ್ ಇಲ್ಲದ ಮನೆಯಲ್ಲೂ ಇದನ್ನು ಧೈರ್ಯವಾಗಿ ಮಾಡಬಹುದು.

ಇರಾನ್ ಕಡೆಯ ಈ ರೊಟ್ಟಿ ಮೊಘಲರ ಅಡುಗೆಮನೆಯ ಮೂಲಕ ನಮ್ಮ ದೇಶದಲ್ಲಿ ಬೇರೂರಿತು. ಈಗ ಶೀರ್ಮಾಲ್ ಅಂದ ಕೂಡಲೇ ನೆನಪಾಗುವುದು ಅವಧ್ ನವಾಬರ ಲಖನೌ. ಅಲ್ಲಿನ ಹಳೇ ಚೌಕ್ ಪ್ರದೇಶದ ಗಲ್ಲಿಗಳಲ್ಲಿ ಕಿತ್ತಳೆ ಬಣ್ಣದ ದೊಡ್ಡ ದೊಡ್ಡ ಶೀರ್ಮಾಲ್‌ಗಳನ್ನು ಅಟ್ಟಿ ಹಾಕಿ ಮಾರುತ್ತಾರೆ. ಮೊಹರಂ ಸಮಯದಲ್ಲಿ ಮಜ್ಲಿಸ್ (ಶೋಕಸಭೆ) ಮುಗಿದ ಮೇಲೆ ಪ್ರಸಾದದಂತೆ ಹಂಚುವುದೂ ಉಂಟು. ಕಾಶ್ಮೀರದಲ್ಲೂ ಇದೇ ಹೆಸರಿನ ರೊಟ್ಟಿ ಇದೆ, ಆದರೆ ಅದು ಒಣಕಲು, ಪುಡಿಪುಡಿಯಾಗುವಂಥದ್ದು, ಚಹಾದ ಜೊತೆ ತಿನ್ನುವಂಥದ್ದು. ಇಲ್ಲಿ ಹೇಳುತ್ತಿರುವುದು ಲಖನೌದ ಮೆತ್ತನೆಯ ಬಗೆ.

ಆರು ಶೀರ್ಮಾಲ್‌ಗೆ ಲೆಕ್ಕ ಹೀಗೆ. ಮೈದಾ 300 ಗ್ರಾಂ, ತುಪ್ಪ 90 ಗ್ರಾಂ, ಬೆಚ್ಚಗಿನ ಹಾಲು ಸುಮಾರು 170 ಮಿಲಿ, ಪುಡಿ ಸಕ್ಕರೆ ಎರಡು ದೊಡ್ಡ ಚಮಚ, ಉಪ್ಪು ಮುಕ್ಕಾಲು ಸಣ್ಣ ಚಮಚ, ಇನ್‌ಸ್ಟಂಟ್ ಯೀಸ್ಟ್ ಒಂದು ಸಣ್ಣ ಚಮಚ. ಸವರುವುದಕ್ಕೆ ಬೇರೆಯಾಗಿ ನಾಲ್ಕು ದೊಡ್ಡ ಚಮಚ ಹಾಲು, ಅದಕ್ಕೆ 20-25 ಎಸಳು ಕೇಸರಿ. ಕೇವ್ಡಾ ನೀರು, ಅಂದರೆ ಕೇದಗೆ ಹೂವಿನ ನೀರು, ಅರ್ಧ ಸಣ್ಣ ಚಮಚ. ಒಡಿಶಾದ ಗಂಜಾಂ ಜಿಲ್ಲೆ ಈ ಕೇವ್ಡಾಕ್ಕೆ ಹೆಸರುವಾಸಿ. ಅಂಗಡಿಯಲ್ಲಿ ಸಣ್ಣ ಬಾಟಲಿ ಸಿಗುತ್ತದೆ. ಸಿಗದಿದ್ದರೆ ಏಲಕ್ಕಿ ಪುಡಿ ಹಾಕಿ, ನಡೆಯುತ್ತದೆ. ಕೇವ್ಡಾ ಸಿಕ್ಕಿತು ಅಂತ ಜಾಸ್ತಿ ಮಾತ್ರ ಸುರಿಯಬೇಡಿ, ಇಡೀ ರೊಟ್ಟಿ ಅತ್ತರಿನ ವಾಸನೆ ಹೊಡೆಯುತ್ತದೆ.

90 ಗ್ರಾಂ ತುಪ್ಪ ನೋಡಿ ಹೆದರಿಕೆ ಆಯಿತಾ? ಆಗಲಿ. ಅದನ್ನು ಅರ್ಧ ಮಾಡಿದರೆ ಬರುವುದು ಸಿಹಿ ಚಪಾತಿ.

ಮೊದಲು ಕೇಸರಿ ಕೆಲಸ ಮುಗಿಸಿಕೊಳ್ಳಿ, ಅದು ನೆನೆಯಲು ಸಮಯ ಬೇಕು. ಎಸಳುಗಳನ್ನು ಚಿಟಿಕೆ ಸಕ್ಕರೆ ಜೊತೆ ಸಣ್ಣ ಕುಟ್ಟಾಣಿಯಲ್ಲಿ ಪುಡಿ ಮಾಡಿ, ಬೆಚ್ಚಗಿನ ಹಾಲಿಗೆ ಹಾಕಿ ಅರ್ಧ ಗಂಟೆ ಮುಚ್ಚಿಡಿ. ಕುದಿಯುವ ಹಾಲಿಗೆ ಹಾಕಬೇಡಿ, ಘಮ ಹಾರಿಹೋಗುತ್ತದೆ. ಕೆಲವರು ತುಪ್ಪದಲ್ಲಿ ನೆನೆಸುತ್ತಾರೆ, ಅದರಿಂದ ಬಣ್ಣ ಬಿಡುವುದಿಲ್ಲ. ಕೇಸರಿಗೆ ಬಣ್ಣ ಕೊಡುವ ಕ್ರೋಸಿನ್ ನೀರಲ್ಲಿ ಕರಗುವಂಥದ್ದು, ಕೊಬ್ಬಿನಲ್ಲಿ ಅಲ್ಲ. ಹಾಲಿನಲ್ಲಿ ನೀರೇ ಜಾಸ್ತಿ ಇರುವುದರಿಂದ ಅದು ಸರಿಹೋಗುತ್ತದೆ.

ಕೇಸರಿ ಕೊಳ್ಳುವಾಗ ಸ್ವಲ್ಪ ಎಚ್ಚರ ಇರಲಿ. ಒಂದು ಹೂವಿನ ನಡುವೆ ಸಿಗುವುದು ಮೂರೇ ಕೇಸರಿ ಎಸಳು. ಒಂದು ಕಿಲೋ ಆಗಲು ಲಕ್ಷಕ್ಕೂ ಮೀರಿ ಹೂ ಕೈಯಲ್ಲೇ ಬಿಡಿಸಬೇಕು. ಕಾಶ್ಮೀರದ ಪಾಂಪೋರ್ ಸುತ್ತಮುತ್ತ ಈ ಹೂ ಅರಳುವುದು ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ, ಕೆಲವೇ ವಾರ. 2020ರಲ್ಲಿ ಕಾಶ್ಮೀರಿ ಕೇಸರಿಗೆ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಇಷ್ಟೆಲ್ಲ ಕಷ್ಟ ಇರುವ ಪದಾರ್ಥವನ್ನು ಯಾರಾದರೂ ತೀರಾ ಅಗ್ಗಕ್ಕೆ ಕೊಡುತ್ತಾರೆ ಅಂದರೆ ಅನುಮಾನ ಪಡಲೇಬೇಕು ಅಲ್ವಾ. ಮನೆಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಬಿಳಿ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಎರಡು ಎಸಳು ಬಿಡಿ. ಅಸಲಿಯಾದರೆ ನಿಧಾನವಾಗಿ ಹೊಂಬಣ್ಣ ಬಿಡುತ್ತದೆ, ಎಸಳು ಕೆಂಪಾಗಿಯೇ ಉಳಿಯುತ್ತದೆ. ಬಣ್ಣ ಹಚ್ಚಿದ ನಾರಾದರೆ ಕ್ಷಣದಲ್ಲಿ ನೀರು ಕೆಂಪಾಗಿ ಎಸಳು ಬಿಳಚಿಕೊಳ್ಳುತ್ತದೆ. ಕೇಸರಿಬಾತಿಗೆ ಹಾಕುವ ಕಿತ್ತಳೆ ಪುಡಿಯನ್ನು ಇಲ್ಲಿಗೆ ತರಬೇಡಿ. ಬೀದಿಯಲ್ಲಿ ಮಾರುವ ಶೀರ್ಮಾಲ್‌ನ ಢಾಳು ಕಿತ್ತಳೆ ಬಣ್ಣ ಎಷ್ಟೋ ಸಲ ಆ ಪುಡಿಯದ್ದೇ. ಮನೆಯದ್ದು ಅಷ್ಟು ಢಾಳಾಗಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಈಗ ಹಿಟ್ಟು. ಮೈದಾ ಜರಡಿ ಹಿಡಿದು ಉಪ್ಪು, ಸಕ್ಕರೆ, ಯೀಸ್ಟ್ ಬೆರೆಸಿ. ಕರಗಿಸಿ ಆರಿಸಿದ ತುಪ್ಪದಲ್ಲಿ ಅರ್ಧ ಭಾಗವನ್ನು ಹಾಕಿ ಅಂಗೈಯಲ್ಲಿ ಚೆನ್ನಾಗಿ ಉಜ್ಜಿ. ಮುಷ್ಟಿಯಲ್ಲಿ ಹಿಡಿದರೆ ಮುದ್ದೆಯಾಗಿ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಅಲ್ಲಿಯವರೆಗೆ ಬಿಡಬೇಡಿ. ಇದೇ ಇಡೀ ಅಡುಗೆಯ ಮುಖ್ಯ ಹಂತ. ಹಿಟ್ಟಿನ ಕಣಕಣಕ್ಕೂ ತುಪ್ಪ ಹತ್ತಿಕೊಂಡರೆ ಆಮೇಲೆ ಹಾಲು ಹಾಕಿದಾಗ ಹಿಟ್ಟಿಗೆ ಎಳೆತ ಕೊಡುವ ಗ್ಲೂಟೆನ್ ಉದ್ದುದ್ದ ಎಳೆಯಾಗಿ ಬೆಳೆಯುವುದಿಲ್ಲ, ಅದಕ್ಕೇ ರೊಟ್ಟಿ ರಬ್ಬರಿನಂತೆ ಎಳೆಯದೆ ಮೆತ್ತಗೆ ಮುರಿಯುತ್ತದೆ. ನಂತರ ಕೇವ್ಡಾ ಬೆರೆಸಿದ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಸಿ. ಒಂದು ಹನಿ ನೀರೂ ಬೇಡ. ಮೈದಾ ಒಂದೊಂದು ಕಂಪನಿಯದು ಒಂದೊಂದು ರೀತಿ ಹೀರುತ್ತದೆ, ಹಾಗಾಗಿ ಕೊನೆಯ ಎರಡು ಚಮಚ ಹಾಲನ್ನು ನೋಡಿಕೊಂಡು ಹಾಕಿ.

ಹಿಟ್ಟು ಒಂದಾದ ಮೇಲೆ ಉಳಿದ ತುಪ್ಪವನ್ನು ಮೂರು ಸಲಕ್ಕೆ ಹಾಕಿ ನಾದಿ. ಪ್ರತಿ ಸಲವೂ ಹಿಟ್ಟು ಜಾರುತ್ತದೆ, ಕೈಗೆ ಪಾತ್ರೆಗೆಲ್ಲ ತುಪ್ಪ ಮೆತ್ತುತ್ತದೆ, ಎಲ್ಲ ಕೆಟ್ಟೇ ಹೋಯಿತು ಅನ್ನಿಸುತ್ತದೆ. ಕೆಟ್ಟಿಲ್ಲ, ಒಂದೆರಡು ನಿಮಿಷ ಒತ್ತುತ್ತಾ ಹೋದರೆ ಅದೇ ಕುಡಿದುಕೊಳ್ಳುತ್ತದೆ. ಒಣ ಮೈದಾ ಉದುರಿಸುವ ಆಸೆ ಬಂದರೆ ತಡೆದುಕೊಳ್ಳಿ. ಒಟ್ಟು ಏಳೆಂಟು ನಿಮಿಷ ಸಾಕು. ಹೋಳಿಗೆ ಕಣಕಕ್ಕಿಂತ ಸ್ವಲ್ಪ ಗಟ್ಟಿ ಹದ, ಅಷ್ಟೇ. ಒದ್ದೆ ಬಟ್ಟೆ ಮುಚ್ಚಿ ಒಂದೂವರೆ ಗಂಟೆ ಬಿಡಿ. ತುಪ್ಪ ಜಾಸ್ತಿ ಇರುವುದರಿಂದ ಇದು ಬ್ರೆಡ್ ಹಿಟ್ಟಿನ ಹಾಗೆ ಎರಡು ಪಟ್ಟು ಉಬ್ಬುವುದಿಲ್ಲ, ತುಸು ಊದಿ ಹಗುರಾದರೆ ಆಯಿತು. ಯೀಸ್ಟ್ ಇಷ್ಟವಿಲ್ಲದವರು ಅದರ ಬದಲು ಅರ್ಧ ಸಣ್ಣ ಚಮಚ ಬೇಕಿಂಗ್ ಪೌಡರ್ ಹಾಕಿ ಎರಡು ಗಂಟೆ ಇಡಬಹುದು. ಆಗ ರೊಟ್ಟಿ ಸ್ವಲ್ಪ ದಟ್ಟವಾಗಿ, ಬಿಸ್ಕತ್ತಿನ ಕಡೆಗೆ ವಾಲುತ್ತದೆ. ನನಗೇನೋ ಅದೂ ಇಷ್ಟ.

ಆರು ಉಂಡೆ ಮಾಡಿ ಹತ್ತು ನಿಮಿಷ ಬಿಟ್ಟು, ಆರು ಇಂಚು ಅಗಲಕ್ಕೆ ಲಟ್ಟಿಸಿ. ದಪ್ಪ ಅರ್ಧ ಸೆಂಟಿಮೀಟರ್‌ಗಿಂತ ಕಡಿಮೆ ಆಗದಿರಲಿ, ತೆಳ್ಳಗಾದರೆ ಹಪ್ಪಳ. ಆಮೇಲೆ ಫೋರ್ಕ್‌ನಿಂದ ಮೇಲೆಲ್ಲ ಚುಚ್ಚಿ, ಮುಳ್ಳು ಕೆಳಗಿನ ತಟ್ಟೆಗೆ ತಾಗುವಷ್ಟು ಆಳಕ್ಕೆ. ಚುಚ್ಚದಿದ್ದರೆ ಒಳಗಿನ ಹಬೆಗೆ ಪೂರಿಯಂತೆ ಊದಿಕೊಂಡು ಮೇಲ್ಪದರ ಸುಡುತ್ತದೆ, ಒಳಗೆ ಹಸಿ ಉಳಿಯುತ್ತದೆ.

ಓವನ್ ಅಥವಾ ಓಟಿಜಿಯನ್ನು 220 ಡಿಗ್ರಿಗೆ ಇಟ್ಟು, ಒಳಗೆ ಖಾಲಿ ಟ್ರೇಯನ್ನೂ ಇಟ್ಟು 20 ನಿಮಿಷ ಕಾಯಿಸಿ. ಕಾದ ಟ್ರೇ ಮೇಲೆ ರೊಟ್ಟಿ ಹಾಕಿ ಕೇಸರಿ ಹಾಲು ಸವರಿ. ಐದು ನಿಮಿಷಕ್ಕೆ ಹೊರಗೆಳೆದು ಇನ್ನೊಮ್ಮೆ ಸವರಿ, ಮತ್ತೆ ಮೂರ್ನಾಲ್ಕು ನಿಮಿಷ. ಕೊನೇ ಎರಡು ನಿಮಿಷ ಓವನ್ ಬಿಟ್ಟು ಹೋಗಬೇಡಿ. ಹಾಲು, ಸಕ್ಕರೆ ಎರಡೂ ಇರುವುದರಿಂದ ಹೊಂಬಣ್ಣದಿಂದ ಕಪ್ಪಿಗೆ ಹೋಗಲು ಹೊತ್ತೇನೂ ಬೇಕಾಗುವುದಿಲ್ಲ. ತೆಗೆದ ಕೂಡಲೇ ಮೂರನೇ ಸಲ ಕೇಸರಿ ಹಾಲು, ಅದರ ಮೇಲೆ ಬೆರಳ ತುದಿಯಷ್ಟು ತುಪ್ಪ ಸವರಿ ಬಟ್ಟೆಯಲ್ಲಿ ಸುತ್ತಿಡಿ. ಬಿಸಿ ರೊಟ್ಟಿ ಆ ಹಾಲನ್ನು ಎಳೆದುಕೊಳ್ಳುತ್ತದೆ, ಓವನ್ ಶಾಖ ಕಾಣದ ಈ ಮೂರನೇ ಸಲದ ಕೇಸರಿಯೇ ಹೆಚ್ಚು ಘಮ ಕೊಡುತ್ತದೆ.

ಓವನ್ ಇಲ್ಲವೆಂದರೆ ದಪ್ಪ ತಳದ ಕಬ್ಬಿಣದ ಕಾವಲಿ ಸಾಕು. ಸಣ್ಣ ಉರಿಯಲ್ಲಿ ರೊಟ್ಟಿ ಹಾಕಿ, ಎತ್ತರದ ಮುಚ್ಚಳ ಮುಚ್ಚಿ ನಾಲ್ಕು ನಿಮಿಷ, ತಿರುವಿ ಹಾಕಿ ಎರಡು ನಿಮಿಷ. ಹಾಲು ಸವರುವುದು ಇಳಿಸಿದ ಮೇಲೆ ಮಾತ್ರ, ಇಲ್ಲದಿದ್ದರೆ ಕಾವಲಿಗೆ ಹತ್ತಿ ಸೀಯುತ್ತದೆ. ಓವನ್‌ನಷ್ಟು ಚೆಂದದ ಬಣ್ಣ ಬರುವುದಿಲ್ಲ, ರುಚಿಗೆ ಮೋಸ ಇಲ್ಲ.

ಲಖನೌದಲ್ಲಿ ಇದರ ಜೋಡಿ ನುಣ್ಣಗಿನ ಮಾಂಸದ ಗಲೌಟಿ ಕಬಾಬ್, ಕೊರ್ಮಾ. ಸಸ್ಯಾಹಾರಿಗಳು ಗೋಡಂಬಿ ರುಬ್ಬಿ ಹಾಕಿದ ಪನೀರ್ ಕೊರ್ಮಾ ಮಾಡಿಕೊಳ್ಳಿ. ಹುಳಿ ಜಾಸ್ತಿ ಇರುವ ಗೊಜ್ಜು, ಸಾರು ಇದಕ್ಕೆ ಒಗ್ಗುವುದಿಲ್ಲ. ಸಂಜೆ ಚಹಾಕ್ಕೆ ಬರೀ ಶೀರ್ಮಾಲ್ ಆದರೂ ಆಗುತ್ತದೆ. ಮಿಕ್ಕಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ತಿನ್ನುವ ಮೊದಲು ಮೇಲೆ ಒಂದು ಚಮಚ ಹಾಲು ಚಿಮುಕಿಸಿ, ಮುಚ್ಚಿದ ಕಾವಲಿಯಲ್ಲಿ ಬಿಸಿ ಮಾಡಿ. ಮೈಕ್ರೋವೇವ್‌ನಲ್ಲಿ ಬೇಡ, ಆರಿದ ಮೇಲೆ ಗಟ್ಟಿಯಾಗುತ್ತದೆ.