ದಸ್ತಿ ಕಟ್ಟಿ ರಕ್ತದ ದಾರಿ ನೋಡುವುದು

ರಾಯಚೂರು ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರ ಮುಂಗೈ ಮೇಲೆ ಹಗ್ಗದಂತೆ ಉಬ್ಬಿರುತ್ತದಲ್ಲ, ಅದಕ್ಕೆ ಜನ ‘ನರ’ ಅನ್ನುತ್ತಾರೆ. ಅದು ನರವಲ್ಲ, ಅಭಿಧಮನಿ. ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ಕೊಳವೆ. ಅದರೊಳಗೆ ರಕ್ತ ಒಂದೇ ದಿಕ್ಕಿಗೆ ಹೋಗುತ್ತದೆಂದು ತೋರಿಸಲು ಯಂತ್ರ ಬೇಡ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಚಿತ್ರ ಸಮೇತ ಅಚ್ಚು ಹಾಕಿಸಿದ ಪ್ರಯೋಗಕ್ಕೆ ಒಂದು ದಸ್ತಿ, ಎರಡು ಬೆರಳು ಸಾಕು.

ಮೈ ತೆಳ್ಳಗಿರುವ, ಆರೋಗ್ಯವಂತ ದೊಡ್ಡವರ ಕೈ ಆರಿಸಿಕೊಳ್ಳಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಅಭಿಧಮನಿಗಳು ತಾವಾಗಿಯೇ ಎದ್ದಿರುತ್ತವೆ. ಚಳಿಗಾಲದ ಬೆಳಿಗ್ಗೆಯಾದರೆ ಐದು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಕೈ ಅದ್ದಿಸಿ. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಕೈ, ಬಾವು ಬಂದ ಕೈ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ಕೈ ಬೇಡವೇ ಬೇಡ.

ಮೊಣಕೈಗಿಂತ ನಾಲ್ಕು ಬೆರಳು ಮೇಲೆ ದಸ್ತಿ ಸುತ್ತಿ. ಇನ್ನೊಂದು ಕೈಯಿಂದ ಮಣಿಕಟ್ಟಿನ ನಾಡಿ ಹಿಡಿದುಕೊಂಡೇ ಬಿಗಿಸುತ್ತ ಹೋಗಿ. ಬಹಳಷ್ಟು ಸಲ ಪ್ರಯೋಗ ಕೆಡುವುದು ಇಲ್ಲೇ. ಅಭಿಧಮನಿಯ ಗೋಡೆ ತೆಳು, ಒತ್ತಡ ಕಡಿಮೆ, ಹಾಗಾಗಿ ಅದು ಮೊದಲು ಮುಚ್ಚುತ್ತದೆ. ಹೃದಯದಿಂದ ರಕ್ತ ತರುವ ಅಪಧಮನಿ ಆಳದಲ್ಲಿದೆ, ಒತ್ತಡ ಜಾಸ್ತಿ. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಆದ್ದರಿಂದ ಕೈ ಉಬ್ಬುತ್ತದೆ. ನಾಡಿ ನಿಂತು ಅಂಗೈ ಬಿಳುಚಿಕೊಂಡರೆ ಎರಡನ್ನೂ ಮುಚ್ಚಿದ್ದೀರಿ ಎಂದರ್ಥ, ತಕ್ಷಣ ಸಡಿಲಿಸಿ.

ಹತ್ತು ಸಲ ಮುಷ್ಟಿ ಹಿಡಿದು ಬಿಡಿಸಿ. ಉಬ್ಬಿದ ಅಭಿಧಮನಿಯಲ್ಲಿ ಅಲ್ಲಲ್ಲಿ ಸಣ್ಣ ಗಂಟು ಕಾಣುತ್ತವೆ, ಅವೇ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳು. ನಡುವೆ ಕವಲಿಲ್ಲದ ನೇರ ತುಂಡು ಹುಡುಕಿ. ಕವಲಿದ್ದರೆ ಪಕ್ಕದಿಂದ ರಕ್ತ ನುಗ್ಗಿ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಕಡೆ ಒಂದು ಬೆರಳು ಒತ್ತಿಟ್ಟು, ಇನ್ನೊಂದರಿಂದ ಮೊಣಕೈ ಕಡೆಗೆ ಗಂಟು ದಾಟುವವರೆಗೆ ಸವರಿ, ಆ ಎರಡನೇ ಬೆರಳನ್ನು ಎತ್ತಿ. ಗಂಟಿನ ಕೆಳಗೆ ಕೊಳವೆ ಚಪ್ಪಟೆ, ಮೇಲೆ ತುಂಬಿಯೇ ಇದೆ. ಈಗ ಮೇಲಿನಿಂದ ಕೆಳಕ್ಕೆ ಒತ್ತಿ ನೋಡಿ: ಗಂಟು ಇನ್ನಷ್ಟು ಉಬ್ಬೀತು, ಹನಿ ಇಳಿಯದು. ಮೊದಲಿನ ಬೆರಳು ಎತ್ತಿದೊಡನೆ ಮಣಿಕಟ್ಟಿನ ಕಡೆಯಿಂದ ಸರ್ರನೆ ತುಂಬುತ್ತದೆ. ಎರಡು ನಿಮಿಷದೊಳಗೆ ದಸ್ತಿ ಬಿಚ್ಚಿ.

ಹೀಗೆ ಏರಿದ ರಕ್ತ ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಎಡಭಾಗಕ್ಕೆ, ಮತ್ತೆ ಮೈಗೆ. ಬಡಿತಕ್ಕೆ ಸುಮಾರು 70 ಮಿ.ಲೀ., ನಿಮಿಷಕ್ಕೆ 72 ಬಡಿತ: ಐದು ಲೀಟರ್. ಮೈಯಲ್ಲಿರುವ ಒಟ್ಟು ರಕ್ತವೇ ಹೆಚ್ಚುಕಡಿಮೆ ಅಷ್ಟು. ಊಟದಿಂದ ಹೊಸ ರಕ್ತ ಹುಟ್ಟಿ ಮೈಯಲ್ಲೇ ಖರ್ಚಾಗುತ್ತದೆ ಎಂದು ಆಗಿನವರು ನಂಬಿದ್ದರು. ನಿಮಿಷಕ್ಕೆ ಅಷ್ಟು ಹೊಸ ರಕ್ತ ಯಾವ ಊಟದಿಂದ ಹುಟ್ಟೀತು? ಸುತ್ತಿ ಬರಲೇಬೇಕು ಎಂಬುದೇ ಹಾರ್ವೆಯ ವಾದ. ಅಪಧಮನಿಯಿಂದ ಅಭಿಧಮನಿಗೆ ದಾಟಿಸುವ ಲೋಮನಾಳ ಮಾತ್ರ ಆತನಿಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ವೈದ್ಯ ಮಾರ್ಚೆಲ್ಲೊ ಮಾಲ್ಪೀಗಿ ಅದನ್ನು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡರು.

ಕಾಲಿನಲ್ಲೂ ಇವೇ ಕವಾಟ, ಬಾವಿ ಮೋಟಾರಿನ ಫುಟ್‌ವಾಲ್ವ್ ಇದ್ದಂತೆ. ಅದು ಸೋರಿದರೆ ಪೈಪಿನ ನೀರು ಕೆಳಗಿಳಿಯುವ ಹಾಗೆ ಇಲ್ಲಿ ರಕ್ತ ಇಳಿದು ನಿಂತು, ಮೀನಖಂಡದ ಕೊಳವೆಗಳು ಸೊಟ್ಟಸೊಟ್ಟಾಗಿ ಹಿಗ್ಗುತ್ತವೆ. ದಿನವಿಡೀ ಒಲೆ ಮುಂದೆ ನಿಂತು ಮಿರ್ಚಿ ಕರಿಯುವವರು ಆಗಾಗ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೆ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ.