ಸ್ಕೇಲಿಂಗ್‌ಗೆ ಮೊದಲೇ ಪೇಸ್ಟ್: ನನ್ನ ಕ್ಲಿನಿಕ್‌ನ ಅನುಭವ

ಸ್ಕೇಲಿಂಗ್, ಅಂದರೆ ಹಲ್ಲಿನ ಕಲ್ಲು ತೆಗೆಯುವ ಕ್ಲೀನಿಂಗ್ ಆದ ಮೇಲೆ, ಹಲ್ಲು ಜುಂ ಎನ್ನದಿರಲು ಸೆನ್ಸಿಟಿವಿಟಿ ಪೇಸ್ಟ್ ಬರೆದುಕೊಡುವುದನ್ನು ನಾನು ಬಿಟ್ಟಿದ್ದೇನೆ. ಈಗ ಎರಡು ವಾರ ಮೊದಲೇ ಕೊಡುತ್ತೇನೆ. ಸುರತ್ಕಲ್ ಕಡೆ ನನ್ನದು ಸಣ್ಣ ಕ್ಲಿನಿಕ್. ಇದನ್ನು ಶುರು ಮಾಡಿದಾಗ ಗೆಳೆಯ ಡಾಕ್ಟರುಗಳು ಹೇಳಿದ್ದು ಒಂದೇ: "ಪೇಸ್ಟ್ ಹಿಡಿದು ಹೋದವರು ತಿರುಗಿ ಬರುವುದಿಲ್ಲ ಮಾರಾಯ್ರೆ." ಬಂದರು. ಹತ್ತರಲ್ಲಿ ಏಳೆಂಟು ಜನವಾದರೂ ಬಂದಿದ್ದಾರೆ.

ಎಲ್ಲರಿಗೂ ಇದು ಬೇಡ. ವಸಡು ಇಳಿದು ಬೇರು ಕಾಣುವವರಿಗೆ, ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ವರ್ಷಗಟ್ಟಲೆ ಕಲ್ಲು ಕಟ್ಟಿದವರಿಗೆ ಮಾತ್ರ. ವಸಡು ಊದಿ ರಕ್ತ ಬರುತ್ತಿದ್ದರೆ ಕಾಯಬೇಡಿ, ಮೊದಲು ಸ್ಕೇಲಿಂಗ್ ಮಾಡಿ.

ಈ ಪೇಸ್ಟಿನಲ್ಲಿರುವ 5% ಪೊಟ್ಯಾಸಿಯಂ ನೈಟ್ರೇಟ್ ಪರಿಣಾಮ ಹಿಡಿಯಲು ಎರಡು ವಾರವಾದರೂ ಬೇಕು. ಕ್ಲೀನಿಂಗ್ ಆದ ಮೇಲೆ ಕೊಟ್ಟರೆ ಜುಂ ಜಾಸ್ತಿ ಇರುವ ದಿನಗಳಲ್ಲೇ ಅದು ಕೆಲಸಕ್ಕೆ ಬರುವುದಿಲ್ಲ. ಮೂರು ದಿನ ನೋಡಿ ಟ್ಯೂಬ್ ಮೂಲೆಗೆ ಹೋಗುತ್ತದೆ. ಬೈಗುಳ ನಮಗೆ. ಇನ್ನೊಂದು, ಬ್ರಶ್ ಆದ ಮೇಲೆ ಉಗಿದರೆ ಸಾಕು, ನೀರಿನಲ್ಲಿ ಮುಕ್ಕಳಿಸಬಾರದು. ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ. ನಾನು ಕನ್ನಡಿ ಕೊಟ್ಟು, ಎದುರಿಗೇ ಮಾಡಿಸಿ ಕಳಿಸುತ್ತೇನೆ.

ಮೊದಲು ಬೇರುಗಳಿಗೆ ಬಾಂಡಿಂಗ್ ಏಜೆಂಟ್ (ಹಲ್ಲಿಗೆ ಅಂಟಿಕೊಳ್ಳುವ ದ್ರವ) ಹಚ್ಚಿ ನೋಡಿದ್ದೆ. ಅಂದೇ ಆರಾಮ, ಆದರೆ ತಿಂಗಳೊಳಗೆ ಮತ್ತೆ ಫೋನ್. ಬಾಟಲಿಗೆ ಕೊಟ್ಟ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈಗ ಸ್ಕೇಲಿಂಗ್ ಮುಗಿದ ಕೂಡಲೇ 5% ಸೋಡಿಯಂ ಫ್ಲೋರೈಡ್ ವಾರ್ನಿಶ್, ಅಂದರೆ ಹಲ್ಲಿಗೆ ಹಚ್ಚುವ ಲೇಪ. ಬೇರು ಕಾಣುವ ಕಡೆ ಮಾತ್ರ ತೆಳ್ಳಗೆ. ತಲೆಗೆ ಸುಮಾರು ಐವತ್ತು ರೂಪಾಯಿ ಬೀಳುತ್ತದೆ. ಫೀಸು ಏರಿಸಿಲ್ಲ. ಆ ಹಣ ತಿರುಗಿ ಬರುವ ಪೇಷೆಂಟುಗಳಿಂದಲೇ ಹುಟ್ಟುತ್ತದೆ. ಕೆಳಗಿನ ಹಲ್ಲುಗಳನ್ನು ಎಂಜಲು ತಾಗದಂತೆ ಒಣಗಿಸಿ ಇಡಲು ನನ್ನದೇ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಕಲ್ಲು ತೆಗೆಯುವ ಸ್ಕೇಲರ್ ಯಂತ್ರದ ನೀರಿನ ಬಾಟಲಿಗೆ ಉಗುರುಬೆಚ್ಚಗಿನ ನೀರು ಹಾಕಿಯೂ ನೋಡಿದೆ. ಕುರ್ಚಿಯಲ್ಲಿ ಕೂತಷ್ಟು ಹೊತ್ತು ಜನರಿಗೆ ಹಿತ. ಮರುದಿನದ ಜುಂ ಏನೂ ಕಡಿಮೆಯಾಗಲಿಲ್ಲ. ಆದರೂ ಹೆದರುವವರಿಗೆ ಇವತ್ತಿಗೂ ಹಾಕುತ್ತೇನೆ.

ಪಥ್ಯದಲ್ಲಿ ನಾನು ಗಟ್ಟಿ. ಕ್ಲೀನಿಂಗ್ ಆದ ಮೇಲೆ ಒಂದು ವಾರ ಪುನರ್ಪುಳಿ ಶರಬತ್ತು, ಬಿಂಬುಳಿ, ಗಡ್‌ಬಡ್ ಐಸ್‌ಕ್ರೀಂ ಯಾವುದೂ ಇಲ್ಲ. ಹುಳಿ ತಿಂದರೆ ಅರ್ಧ ಗಂಟೆ ಬ್ರಶ್ ಮುಟ್ಟಬಾರದು.

ಈಗ ಮರುದಿನ ಫೋನ್ ಬರುವುದೇ ಅಪರೂಪ. ಅನುಮಾನಪಟ್ಟ ಗೆಳೆಯರಲ್ಲಿ ಇಬ್ಬರು ಇದೇ ಕ್ರಮ ಹಿಡಿದಿದ್ದಾರೆ. ಆದರೆ ಒಂದೇ ಹಲ್ಲು ಬಿಸಿ ಚಹಾಕ್ಕೆ ನೋವು ಹಿಡಿದು ನಿಮಿಷಗಟ್ಟಲೆ ಬಿಡದಿದ್ದರೆ ಪೇಸ್ಟ್ ಕೊಟ್ಟು ಕಳಿಸಬೇಡಿ, ಎಕ್ಸ್‌ರೇ ತೆಗೆಯಿರಿ.